ಎಡಗಿವಿಗೆ ಹೇಳಿ ಹೋದ ಮಾತು

ಬೆಳಗಾವಿಯಿಂದ ಮಿರಜಕ್ಕೆ ಹೋಗುವ ಬಸ್ಸು ಕಾಗವಾಡವನ್ನು ಸಮೀಪಿಸಿದಾಗ ಕಿಟಕಿ ಪಕ್ಕ ಕುಳಿತವರ ಅಂಗಿಯ ಮೇಲೆ ಮೊದಲು ಮಸಿ ಬೀಳುತ್ತದೆ, ಆಮೇಲೆ ವಾಸನೆ ಬರುತ್ತದೆ. ಮಸಿ ಸಕ್ಕರೆ ಕಾರ್ಖಾನೆಯ ಚಿಮಣಿಯದು. ವಾಸನೆಯನ್ನು ಒಂದೇ ಮಾತಿನಲ್ಲಿ ಹೇಳಲಾಗದು: ಕುದಿಯುವ ಕಬ್ಬಿನ ಹಾಲಿನ ಸಿಹಿ, ಕಾಕಂಬಿಯ ಹುಳಿ, ಅದರ ಕೆಳಗೆ ಕೊಳೆತದ್ದೇನೋ ಒಂದು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಊರವರಿಗೆ ಅದು ಕಬ್ಬು ಅರೆಯುವ ಹಂಗಾಮು ನಡೆದಿದೆ ಎಂಬ ಸುದ್ದಿ. 2019ರ ಜನವರಿಯಲ್ಲಿ ಆ ವಾಸನೆ ಬಡಿದಾಗ, ಮಿರಜದ ಟಿಕೆಟ್ ಕೈಯಲ್ಲಿದ್ದರೂ ನಾನು ಕಾಗವಾಡದಲ್ಲಿ ಇಳಿದು ಶಿರಗುಪ್ಪಿಗೆ ಹೋಗುವ ಟಂಟಂ ರಿಕ್ಷಾ ಹತ್ತಿದೆ.

ಅದಕ್ಕೂ ಆರು ವರ್ಷದ ಹಿಂದೆ ನಾನು ಅಥಣಿಯಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಆ ಹಂಗಾಮಿನಲ್ಲಿ ನನ್ನ ಕೆಲಸವೆಲ್ಲ ಕಬ್ಬಿನ ದರದ ಸುದ್ದಿ: ಎಲ್ಲಿ ರಸ್ತೆ ತಡೆದರು, ಎಲ್ಲಿ ಟ್ರ್ಯಾಕ್ಟರಿನ ಗಾಲಿಯ ಗಾಳಿ ಬಿಟ್ಟರು, ಯಾವ ಕಾರ್ಖಾನೆಯ ಗಾಣ ನಿಂತಿತು. ಅಂಥದೇ ಒಂದು ಸುದ್ದಿಗೆ ಶಿರಗುಪ್ಪಿ ಕಡೆ ಹೋದ ಸಂಜೆ, ಕಬ್ಬಿನ ಗಾಡಿಗಳು ಸಾಲು ನಿಲ್ಲುವ ಅಡ್ಡೆಯ ಹಿಂದೆ, ಎತ್ತರದ ಒಬ್ಬ ಮನುಷ್ಯ ಬಗ್ಗಿಕೊಂಡು ಕರಿ ನೆಲದ ಮೇಲೆ ರಂಗೋಲಿ ಪುಡಿ ಸುರಿಯುತ್ತ ಹಿಮ್ಮುಖವಾಗಿ ನಡೆಯುತ್ತಿದ್ದುದನ್ನು ಕಂಡೆ. ಮೇವಿನ ಹೊರೆ ಇಳಿಸಿ ಬೇಲಿಯಾಚೆ ನಿಂತ ಹೆಂಗಸರು ನಗುತ್ತಿದ್ದರು.

“ಹವಾಲ್ದಾರ್ರ, ಚುಕ್ಕಿ ತಪ್ಪೇತಿ ನೋಡ್ರಿ.”

“ನಮ್ಮ ಅಂಗಳಕ್ಕೂ ಒಂದ ಹಾಕಿ ಹೋಗ್ರಿ, ಪುಣ್ಯಾ ಬರತೈತಿ.”

ಆ ಮನುಷ್ಯ ತಲೆ ಎತ್ತಲಿಲ್ಲ. ಕೇಳಿಸಲಿಲ್ಲವೆಂದು ಆಮೇಲೆ ಗೊತ್ತಾಯಿತು. ಹೆಂಗಸರು ನಿಂತದ್ದು ಅವರ ಎಡಕ್ಕೆ.

ಅವರು ಅಶೋಕ ಕಾಂಬಳೆ, ಸೈನ್ಯದಿಂದ ನಿವೃತ್ತರಾದ ಹವಾಲ್ದಾರ್. ಊರಿನಲ್ಲಿ ಕಬಡ್ಡಿ ಆಡುತ್ತಿದ್ದ ಹುಡುಗ ಸಿಪಾಯಿಯಾಗಿ ಸೇರಿದಾಗ, ಅವರ ಭುಜ ನೋಡಿದ ಅಧಿಕಾರಿಯೊಬ್ಬರು ರಗ್ಬಿ ತಂಡಕ್ಕೆ ಹಾಕಿದರು. ಎರಡು ಸಾವಿರದ ದಶಕದ ಬಹುಪಾಲು ಅವರು ಪುಣೆ, ಕೋಲ್ಕತ್ತಾ ಎಂದು ಆಡುತ್ತಲೇ ಕಳೆದರು. ಆಟದಲ್ಲಿ ಎರಡೂ ಕಡೆಯವರು ಹೆಗಲಿಗೆ ಹೆಗಲು ಹೆಣೆದು, ತಲೆ ತಗ್ಗಿಸಿ, ಎತ್ತುಗಳಂತೆ ಒಬ್ಬರನ್ನೊಬ್ಬರು ತಳ್ಳುವ ಒಂದು ಘಟ್ಟವಿದೆ. ಅದರಲ್ಲಿ ಉಜ್ಜಿ ಉಜ್ಜಿ ಎಡಗಿವಿ ಗಂಟುಗಂಟಾಗಿ ಬಾತಿತ್ತು. ಆಮೇಲೆ ಅದೇ ಕಿವಿಗೆ ಒಂದು ಬೂಟಿನ ಏಟು ಬಿದ್ದು ಕೇಳಿಸುವುದೂ ಹೋಯಿತು. ಅವರ ಹತ್ತಿರ ಆಟ ಕಲಿಯುವ ಹುಡುಗಿಯರು ಆ ಕಿವಿಗೆ ಹೂಕೋಸು ಎಂದು ಹೆಸರಿಟ್ಟಿದ್ದರು. ಬೈದುಕೊಳ್ಳುವುದಿದ್ದರೆ ಹೂಕೋಸಿನ ಕಡೆ ನಿಂತು ಬೈದುಕೊಳ್ಳುತ್ತಿದ್ದರು.

“ಸುಣ್ಣಾ ಹಾಕಿದ್ರ ಬಿದ್ದಾಗ ಹುಡಿಗ್ಯಾರ ಮೊಳಕೈ ಸುಡತೈತ್ರಿ,” ಎಂದು ನನ್ನನ್ನು ಬಲಗಡೆಗೆ ಕರೆದು ನಿಲ್ಲಿಸಿಕೊಂಡು ಹೇಳಿದರು. “ರಂಗೋಲಿ ಪುಡಿ ಚಲೋ. ನಗೋರ ನಗಲಿ.”

ಹಗಲು ಅವರು ಕಾರ್ಖಾನೆಯ ಗೇಟಿನಲ್ಲಿ ಕಾವಲು. ಸಂಜೆ ಹನ್ನೆರಡು ಹುಡುಗಿಯರು. ಎಲ್ಲರೂ ಆಸುಪಾಸಿನ ಊರಿನ ಕಬಡ್ಡಿ ಆಟಗಾರ್ತಿಯರು, ಹೆಚ್ಚಿನವರು ಕೂಲಿಯವರ ಮಕ್ಕಳು. ಹೆಣ್ಣುಮಕ್ಕಳ ರಗ್ಬಿ ದೇಶದಲ್ಲಿ ಆಗಷ್ಟೇ ಶುರುವಾಗಿತ್ತು. ತಂಡಗಳು ಕಡಿಮೆ, ಹೊಸಬರಿಗೂ ಅವಕಾಶವಿತ್ತು. ಹಳೆಯ ಜೊತೆಯಾಟಗಾರರೊಬ್ಬರು ಪುಣೆಯಿಂದ ನಾಲ್ಕು ಸವೆದ ಚೆಂಡು ಕಳಿಸಿದ್ದರು. ಊರಿನಲ್ಲಿ ಆ ಆಟಕ್ಕೆ ‘ತತ್ತಿ ಚೆಂಡು’ ಎಂದೇ ಹೆಸರು. ಬಿದ್ದರೆ ಪೆಟ್ಟಾಗದಂತೆ ಕಬ್ಬಿನ ಒಣ ಎಲೆಯ ರವದಿ ಹರಡಿ, ಮೇಲೆ ಗೋಣಿ ಹೊದಿಸಿ, ಅದರ ಮೇಲೆ ಹಿಡಿದು ಬೀಳಿಸುವ ಅಭ್ಯಾಸ ಮಾಡಿಸುತ್ತಿದ್ದರು. ಹಿಡಿಯುವುದನ್ನು ಕಬಡ್ಡಿಯವರಿಗೆ ಕಲಿಸಬೇಕಾಗಿರಲಿಲ್ಲ. ಬೀಳಿಸಿದ ಮೇಲೆ ಬಿಡುವುದನ್ನು ಕಲಿಸಬೇಕಿತ್ತು.

“ಚೆಂಡ ಹಿಂದ ಒಗಿಬೇಕ, ನೀವ ಮುಂದ ಓಡಬೇಕ,” ಎಂದು ಅವರು ಹೇಳಿದಾಗ, ದಪ್ಪ ಭುಜದ ರೇಷ್ಮಾ ಸೊಂಟದ ಮೇಲೆ ಕೈ ಇಟ್ಟಳು.

“ಇದೆಂಥಾ ಆಟರಿ ಸರ್ರ? ನಮ್ಮವ್ವ ಹಿಂದ ನೋಡದ ನಡೀ ಅಂತಾಳ.”

“ನಿಮ್ಮವ್ವನ್ನೂ ಕರಕೊಂಡ ಬಾ. ಆಕಿನ್ನೂ ಆಡಸೂಣು.”

ನಾನು ನಾಲ್ಕು ಪ್ಯಾರಾ ಬರೆದೆ, ಒಂದು ಚಿತ್ರದೊಂದಿಗೆ ಬಂತು. ಆ ಬಳಿಕ ಆ ಕಡೆ ಹೋದಾಗಲೆಲ್ಲ ಅಡ್ಡೆಯ ಹಿಂದೆ ಹೋಗಿ ನಿಲ್ಲುವುದು ರೂಢಿಯಾಯಿತು. ಡಿಸೆಂಬರಿನ ಸಂಜೆಗಳು. ಸರದಿ ಕಾಯುವ ಎತ್ತುಗಳ ಕೊರಳಗಂಟೆ, ಗಾಡಿಯವರ ಒಲೆಯ ಹೊಗೆ, ರಂಗೋಲಿ ಗೆರೆಯ ಮೇಲೆ ಮೆಲ್ಲಗೆ ಇಳಿಯುವ ಮಸಿ. ಕತ್ತಲಾಗುವ ಹೊತ್ತಿಗೆ ಗೆರೆ ಕಾಣದಾಗುತ್ತಿತ್ತು. ಮರುದಿನ ಅವರು ಮತ್ತೆ ಎಳೆಯುತ್ತಿದ್ದರು.

ಆ ಹನ್ನೆರಡು ಜನರಲ್ಲಿ ಓಡುವವಳು ಒಬ್ಬಳು, ವಂದನಾ. ಹತ್ತೊಂಬತ್ತು ತುಂಬಿತ್ತು. ಅವಳ ಅಪ್ಪ ಕಾರ್ಖಾನೆಯ ಕಾಟಾದಲ್ಲಿ, ಕಬ್ಬು ತೂಗುವಲ್ಲಿ, ಹಂಗಾಮಿ ನೌಕರ. ಅವ್ವ ಸೇವಂತಾ ಹೊಲದ ಕೂಲಿ. ಬೇಲಿಯಾಚೆ ಮೇವಿನ ಹೊರೆ ಇಳಿಸಿ ನಿಲ್ಲುವವರಲ್ಲಿ ಅವಳೂ ಒಬ್ಬಳು. ವಂದನಾ ಚೆಂಡು ಹಿಡಿದು ಓಡುವಾಗ ತುಟಿ ಅಲುಗುತ್ತಿತ್ತು. ಹತ್ತಿರ ಹೋದಾಗ ಕೇಳಿಸಿತು: ಕಬಡ್ಡಿ, ಕಬಡ್ಡಿ, ಕಬಡ್ಡಿ. ಒಂದೇ ಉಸಿರು. ಉಸಿರು ಮುಗಿಯುವಷ್ಟರಲ್ಲಿ ಓಟವೂ ಮುಗಿಯಬೇಕು ಎಂಬಂತೆ ಓಡುತ್ತಿದ್ದಳು.

ವರ್ಷದ ಕೊನೆಗೆ ನಿಪ್ಪಾಣಿಯ ಒಂದು ಮೈದಾನದಲ್ಲಿ ಕೊಲ್ಹಾಪುರ ಕಡೆಯ ಹುಡುಗಿಯರ ಜೊತೆ ಅಭ್ಯಾಸದ ಪಂದ್ಯವಾಯಿತು. ತಂಬಾಕಿನ ಘಾಟಿಗೆ ನಮ್ಮ ಹುಡುಗಿಯರು ಸೀನುತ್ತಲೇ ಕಣಕ್ಕಿಳಿದರು. ಸ್ವಲ್ಪ ಹೊತ್ತಿಗೆ ರೇಷ್ಮಾ ಇಬ್ಬರನ್ನು ಕೆಡವಿ ಚೆಂಡು ಹಿಂದೆ ಕೊಟ್ಟಳು, ವಂದನಾ ಹಿಡಿದಳು. ಎಡ ಅಂಚಿನಲ್ಲಿ ಯಾರ ಕೈಗೂ ಸಿಗದೆ ಓಡಿ ಎದುರಾಳಿಯ ಕೊನೆಯ ಗೆರೆ ಮುಟ್ಟಿದಳು. ಅಲ್ಲಿ ಅವಳು ಬಗ್ಗಿ ಚೆಂಡನ್ನು ನೆಲಕ್ಕೆ ಒತ್ತಬೇಕಿತ್ತು. ಅಷ್ಟಾದರೆ ಐದು ಅಂಕ. ವಂದನಾ ಗೆರೆಯಾಚೆ ಕಾಲಿಟ್ಟು, ಗಿರ್ರನೆ ತಿರುಗಿ, ಚೆಂಡು ಕಂಕುಳಲ್ಲಿ ಇಟ್ಟುಕೊಂಡೇ ಅಷ್ಟೇ ವೇಗದಲ್ಲಿ ವಾಪಸು ಓಡಿ ಬಂದಳು. ನಡುಗೆರೆ ದಾಟಿ ನಿಂತು, ಗೆದ್ದ ಮುಖ ಮಾಡಿ ಉಸಿರು ಬಿಟ್ಟಳು.

ಕಬಡ್ಡಿಯಲ್ಲಿ ಮುಟ್ಟಿದರೆ ಸಾಲದು, ಜೀವಸಹಿತ ಮರಳಿ ಬರಬೇಕು. ಅವಳು ಎಂಟು ವರ್ಷ ಆಡಿದ್ದು ಅದನ್ನೇ. ಮೈದಾನದ ತುಂಬ ನಗು. ಕಾಂಬಳೆ ಮಾತ್ರ ನಗಲಿಲ್ಲ.

ವಾಪಸು ಬರುವಾಗ ಕ್ರೂಸರ್ ಜೀಪಿನಲ್ಲಿ ನಾನೂ ಇದ್ದೆ. ಚಿಕ್ಕೋಡಿ ದಾಟಿದ ಮೇಲೆ ಅವರು ಮುಂದಿನ ಸೀಟಿನಿಂದ ಹೊರಳಿ ಮಾತಾಡಿದರು.

“ವಂದನಾ, ಆ ಆಟದಾಗ ಮುಟ್ಟಿ ಮರಳಿ ಬಂದ್ರ ಗೆದ್ದಂಗ. ಇದರಾಗ ಮರಳಿ ಬಂದ್ರ ಏನೂ ಇಲ್ಲ. ಗೆರಿ ದಾಟಿದ್ಯಾ, ಅಲ್ಲೇ ಬೀಳಬೇಕ.”

“ಬಿದ್ದ ಮ್ಯಾಲ ಏನ್ ಮಾಡೂದ್ರಿ?”

“ಏನೂ ಇಲ್ಲ. ಮುಗೀತ. ಅದ ನಿನ್ನ ಮನಿ ಅನಕೋ.”

“ಹಂಗಾರ ಇಕಿನ್ನ ಅಲ್ಲೇ ಬಿಟ್ಟ ಬರೂಣ್ರಿ, ಒಂದ ಟಿಕೆಟ್ ಉಳೀತೈತಿ,” ಎಂದಳು ರೇಷ್ಮಾ. ವಂದನಾ ಅವಳ ಜಡೆ ಎಳೆದಳು. ಆಮೇಲೆ ಊರು ಬರುವವರೆಗೂ ಕಿಟಕಿಯಾಚೆ ನೋಡುತ್ತ ಕುಳಿತಳು.

ಮುಂದಿನ ವಾರಗಳಲ್ಲಿ ಕಾಂಬಳೆ ಅವಳೊಬ್ಬಳ ಮೇಲೆ ಮಾಡಿದ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳು ಓಡಿ ಗೆರೆ ದಾಟುವುದು, ಇವರು ಹಿಂದಿನಿಂದ “ತಿರಗಬ್ಯಾಡ” ಎಂದು ಕೂಗುವುದು. ಮೊದಮೊದಲು ಬಿದ್ದ ಮೇಲೂ ಅವಳ ಕಾಲು ತಾನಾಗಿ ಈಚೆ ಹೊರಳುತ್ತಿತ್ತು. ಜನವರಿಯ ನಡುವಿನ ಹೊತ್ತಿಗೆ ಹೊರಳುವುದು ನಿಂತಿತು. ಓಡುವಾಗ ತುಟಿ ಅಲುಗುವುದೂ ನಿಂತಿತು.

ಅದೇ ಜನವರಿಯಲ್ಲಿ ಎರಡು ದಿನ ಗೊತ್ತಾದವು. ಒಂದು, ಪುಣೆಯ ಪಂದ್ಯಾವಳಿ. ಇನ್ನೊಂದು, ವಂದನಾಳ ಸಾಖರಪುಡಾ. ಗಡಿಯ ಈಚೆಗೂ ನಿಶ್ಚಿತಾರ್ಥಕ್ಕೆ ಎಲ್ಲರೂ ಅದೇ ಮರಾಠಿ ಮಾತು ಬಳಸುತ್ತಾರೆ. ಹುಡುಗ ಜಯಸಿಂಗಪುರ ಕಡೆಯವನು, ನೌಕರಿಯವನು. ಪಂದ್ಯ ಮುಗಿಸಿ ಬಂದ ಮರುದಿನವೇ ಶಾಸ್ತ್ರ. ಅಪ್ಪ ಕಳಿಸಲು ಒಪ್ಪಲಿಲ್ಲ. ಪೇಪರಿನವರು ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆ ಎಂದು ಕಾಂಬಳೆ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋದರು.

ತಗಡು ಹೊದಿಸಿದ ಪತ್ರಾಸಿನ ಮನೆ, ಗೋಡೆಗೆ ಬುದ್ಧನ ಪಟ, ಹೊಸದಾಗಿ ಬಳಿದ ನೀಲಿ ಬಣ್ಣ. ಸೇವಂತಾ ಚಹಾ ಕೊಟ್ಟಳು.

“ಶುಕ್ರವಾರ ಮಂದಿ ಬರಾವ್ರ ಅದಾರ,” ಎಂದರು ಅಪ್ಪ. “ಹುಡುಗಿ ಮನ್ಯಾಗಿಲ್ಲ ಅಂದ್ರ ನಾ ಏನ್ ಹೇಳ್ಲಿ? ಚೆಂಡ ಆಡಾಕ ಹೋಗ್ಯಾಳ ಅನ್ಲಿ?”

“ಗುರುವಾರ ಸಂಜೀಕ ಮನ್ಯಾಗ ಇರತಾಳ.”

“ಯಾರ ಜಿಮ್ಮೇದಾರಿ?”

“ಕರಕೊಂಡ ಹೋಗಾಂವ ನಾ. ಕರಕೊಂಡ ಬರಾಂವನೂ ನಾ,” ಎಂದರು ಕಾಂಬಳೆ.

ಅಪ್ಪ ನನ್ನತ್ತ ನೋಡಿದರು. “ನೀವೂ ಕೇಳಿರಲ್ರಿ, ಪೇಪರಿನವ್ರ.” ನಾನು ಕೇಳಿದ್ದೇನೆ ಎಂದೆ. ಆ ಮನೆಯಲ್ಲಿ ಅಂದು ಮಾತಾಡಿದವರು ನಾವು ಮೂವರು. ವಂದನಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಮೊಳಕೈ ಮೇಲಿನ ಗಾಯದ ಹಕ್ಕಳೆ ಕೀಳುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಪುಣೆಗೆ ನಾನು ಹೋಗಿರಲಿಲ್ಲ. ಇಲ್ಲಿಂದ ಮುಂದಿನದು, ಹೋದವರು ಹೇಳಿದ್ದನ್ನು ತಾಳೆ ನೋಡಿ ಜೋಡಿಸಿದ್ದು. ಮೂರು ಪಂದ್ಯದಲ್ಲಿ ಎರಡು ಸೋತರು. ಗೆದ್ದ ಒಂದನ್ನು ವಂದನಾ ಗೆಲ್ಲಿಸಿದಳು. ಗೆರೆ ದಾಟಿ, ಚೆಂಡಿನ ಮೇಲೆ ಮೈಯೆಲ್ಲ ಹಾಕಿ ಬಿದ್ದಳು, ಏಳಲಿಲ್ಲ. ಪೆಟ್ಟಾಯಿತೆಂದು ರೇಷ್ಮಾ ಓಡಿದಳು.

“ಕಣ್ಣ ಮುಚ್ಚಿ ನಗಾಕತ್ತಿದ್ಳರಿ,” ಎಂದು ರೇಷ್ಮಾ ನನಗೆ ಹೇಳಿದ್ದು. “ಏಳಲೇ ಅಂದ್ರ, ತಡೀ ಅಂದ್ಳ. ಇನ್ನೊಂದ ಸ್ವಲ್ಪ ತಡೀ.”

ಗುರುವಾರ ಮಧ್ಯಾಹ್ನ ರೈಲು ಮಿರಜಕ್ಕೆ ಬಂತು. ಅಲ್ಲಿಂದ ಕಾಗವಾಡಕ್ಕೆ ಬಸ್ಸು. ಮನೆ ಇನ್ನು ಒಂದು ಗಳಿಗೆಯ ದಾರಿ. ಮಿರಜದ ಪ್ಲಾಟ್‌ಫಾರ್ಮಿನ ಗದ್ದಲ ಕಂಡವರಿಗೆ ಗೊತ್ತು: ಒಂದು ಗಾಡಿ ನಿಂತಿರುವಾಗಲೇ ಪಕ್ಕದಲ್ಲಿ ಇನ್ನೊಂದು ಬರುತ್ತದೆ, ಮೇಲೆ ಮೂರು ಭಾಷೆಯಲ್ಲಿ ಘೋಷಣೆ. ಕಾಂಬಳೆ ಚೀಲಗಳನ್ನು ಇಳಿಸಿಕೊಂಡು ಎಣಿಸುತ್ತಿದ್ದರು. ವಂದನಾ ಅವರ ಎಡಗಡೆ ಬಂದು ನಿಂತಳು. ಏನೋ ಹೇಳಿದಳು. ಅವರು ಎಣಿಕೆ ಬಿಡದೆ ತಲೆಯಾಡಿಸಿದರು. ನೀರಿನ ನಲ್ಲಿಯ ಕಡೆ ಹೋಗುತ್ತಿದ್ದಾಳೆ ಎಂದುಕೊಂಡರು. ಎದುರಿನ ಗಾಡಿ ಹೊರಟುಹೋಯಿತು. ಬಸ್ಸಿಗೆ ಹೊರಡುವಾಗ ಹನ್ನೊಂದು ಹುಡುಗಿಯರಿದ್ದರು.

ಕತ್ತಲಾಗುವವರೆಗೆ ಹುಡುಕಿದರು. ನಲ್ಲಿ, ವಿಶ್ರಾಂತಿ ಕೋಣೆ, ಹಳಿ ದಾಟುವ ಸೇತುವೆ, ಹೊರಗಿನ ರಿಕ್ಷಾ ನಿಲ್ದಾಣ. ಆಮೇಲೆ ಹುಡುಗಿಯರನ್ನು ಮನೆಮನೆಗೆ ಮುಟ್ಟಿಸಿ, ಕೊನೆಗೆ ಕಾಂಬಳೆ ನೀಲಿ ಗೋಡೆಯ ಮನೆಯ ಮುಂದೆ ಹೋಗಿ ನಿಂತರು. ವಂದನಾಳ ಚೀಲ ಅವರ ಕೈಯಲ್ಲಿತ್ತು. ಆ ಮನೆಯ ಅಂಗಳದಲ್ಲಿ ಮರುದಿನಕ್ಕೆಂದು ಬಾಡಿಗೆ ಕುರ್ಚಿಗಳು ಬಂದಿದ್ದವು.

ಶುಕ್ರವಾರ ಪೊಲೀಸ್ ಠಾಣೆಯಲ್ಲಿ ನಾನಿದ್ದೆ. ಹೇಳಿಕೆ ಬರೆದುಕೊಳ್ಳುವ ಪೇದೆ ವಯಸ್ಸಾದವರು, ಒರಟು ಮನುಷ್ಯರಲ್ಲ.

“ಕಡೀಕ ಹುಡುಗಿ ಏನ್ ಅಂದ್ಳ, ಹವಾಲ್ದಾರ್ರ?”

“ಏನೋ ಅಂದ್ಳರಿ. ‘...ತೇನ್ರಿ ಸರ್ರ’ ಅಂದ್ಳ.”

“ಬರ್ತೇನ್ರಿ ಅಂದ್ಳೋ, ಹೋಗ್ತೇನ್ರಿ ಅಂದ್ಳೋ?”

ಕಾಂಬಳೆ ಮೇಜಿನ ಅಂಚು ಹಿಡಿದುಕೊಂಡರು.

ನಮ್ಮ ಕಡೆ ಹೊಸ್ತಿಲು ದಾಟುವವರು ಹೋಗ್ತೇನಿ ಎನ್ನುವುದಿಲ್ಲ. ಎಲ್ಲಿಗೇ ಹೋಗಲಿ, ಬರ್ತೇನಿ ಎಂದೇ ಹೇಳಬೇಕು. ಮರೆತು ಹೋಗ್ತೇನಿ ಎಂದ ಮಗುವನ್ನು ತಿರುಗಿ ಕರೆದು, ಬರ್ತೇನಿ ಅನ್ನಿಸಿ ಕಳಿಸುತ್ತಾರೆ. ಹೋಗ್ತೇನಿ ಎಂಬುದು ಸತ್ತವರ ಮಾತು, ಇಲ್ಲವೆ ಸಿಟ್ಟಿನ ಮಾತು. ಆ ಪೇದೆಗೆ ಅದು ಗೊತ್ತಿತ್ತು. ಬರ್ತೇನಿ ಎಂದಿದ್ದರೆ ಹುಡುಗಿ ಮರಳುವ ಮನಸ್ಸಿನಿಂದಲೇ ಹೋದಳು, ನಡುವೆ ಅವಳಿಗೆ ಏನೋ ಆಗಿದೆ. ಹೋಗ್ತೇನಿ ಎಂದಿದ್ದರೆ ತಾನಾಗಿ ಹೋದಳು. ವಯಸ್ಸಿಗೆ ಬಂದವಳು, ಹುಡುಕುವುದೇ ಬೇರೆ ರೀತಿ.

“ಮರಾಠಿಯೊಳಗ ಅಂದ್ಳೇನ? ಯೇತೇ ಅಂದ್ಳೋ, ಜಾತೇ ಅಂದ್ಳೋ?”

“ಅದರ ಬಾಲನೂ ಅದ ಅಲ್ರಿ ಸಾಹೇಬ್ರ,” ಎಂದರು ಕಾಂಬಳೆ. “ತೇ ಅಂತ ಕೇಳೇತಿ. ಮುಂದಿಂದ ಕೇಳಿಲ್ಲ.”

ಪೇದೆ ಕೊನೆಗೆ ‘ಏನೋ ಹೇಳಿ ಹೋದಳು’ ಎಂದು ಬರೆದರು. ನಾನೂ ಪತ್ರಿಕೆಗೆ ಅದನ್ನೇ ಕಳಿಸಿದೆ. ಮೂರು ಪ್ಯಾರಾ.

ಉಳಿದ ಹನ್ನೊಂದು ಹುಡುಗಿಯರನ್ನೂ ಕೇಳಿದ್ದಾಯಿತು. ಇಬ್ಬರು ಬರ್ತೇನ್ರಿ ಎಂದಳೆಂದರು, ಆದರೆ ಅವರು ಸೇತುವೆಯ ಮೇಲಿದ್ದರು. ರೇಷ್ಮಾ ಎಲ್ಲರಿಗಿಂತ ಹತ್ತಿರವಿದ್ದವಳು. ತಾನು ಬಾಳೆಹಣ್ಣು ತಿನ್ನುತ್ತಿದ್ದೆ, ಕೇಳಿಸಿಕೊಳ್ಳಲಿಲ್ಲ ಎಂದಳು. ಮತ್ತೊಮ್ಮೆ ಕೇಳಿದಾಗ ಅತ್ತಳು.

ಫೆಬ್ರವರಿಯೆಲ್ಲ ಕಾಂಬಳೆ ಗೇಟಿನ ಕೆಲಸಕ್ಕೆ ರಜೆ ಹಾಕಿ ಅಲೆದರು. ಮಿರಜ, ಸಾಂಗಲಿ, ಪುಣೆ, ಮತ್ತೆ ಮಿರಜ. ವಂದನಾಳನ್ನು ಕಂಡವರು ಎಲ್ಲ ಕಡೆ ಇದ್ದರು. ಪುಣೆಯಲ್ಲಿ ಕಾವಲು ಕೆಲಸದ ಅಂಗಿ ತೊಟ್ಟು ನಿಂತಿದ್ದಳು ಎಂದರು. ಹಾರೂಗೇರಿ ಸಂತೆಯಲ್ಲಿ ಮುಖ ಮುಚ್ಚಿಕೊಂಡು ಹೋದಳು ಎಂದರು. ರಾಯಬಾಗ ಕಡೆ ಹಳಿಯ ಪಕ್ಕ ಯಾವುದೋ ಹೆಣ ಸಿಕ್ಕಿದಾಗ ಅವಳ ಅಪ್ಪ ಮತ್ತು ಕಾಂಬಳೆ ಒಂದೇ ಮೋಟರ್ ಸೈಕಲ್ಲಿನ ಮೇಲೆ ಹೋಗಿ ಬಂದರು. ಅದು ಅವಳಲ್ಲ. ಅಪ್ಪ ಆಮೇಲೆ ಆ ಹೆಸರನ್ನು ಮನೆಯಲ್ಲಿ ಎತ್ತಗೊಡಲಿಲ್ಲ. ಯಾವ ಮನೆಯವರೂ ಹುಡುಗಿಯರನ್ನು ಅಡ್ಡೆಯ ಹಿಂದಕ್ಕೆ ಕಳಿಸಲಿಲ್ಲ.

ಮಾರ್ಚಿನಲ್ಲಿ, ಹಂಗಾಮು ಮುಗಿಯುವ ಮುಂಚೆ, ಒಮ್ಮೆ ಹೋದೆ. ಕಾಂಬಳೆ ಖಾಲಿ ಮೈದಾನದಲ್ಲಿ ಗೆರೆ ಎಳೆಯುತ್ತಿದ್ದರು.

“ಒಂದ ಮಾತ ಹೇಳ್ತೇನ್ರಿ, ಬರೀಬ್ಯಾಡ್ರಿ,” ಎಂದರು. ಅವರು ಈಗ ಇಲ್ಲ, ಹಾಗಾಗಿ ಬರೆಯುತ್ತಿದ್ದೇನೆ ಎಂದೇನೂ ಅಲ್ಲ. ಇದ್ದಾರೆ, ಆಮೇಲೆ ತಾವೇ ಬರೆಯಿರಿ ಎಂದರು. “ಈ ಕಿವ್ಯಾಗ ಏನೂ ಕೇಳಂಗಿಲ್ಲ. ಆದ್ರ ಅದೊಂದ ಕೇಳತೈತಿ. ಗೇಟಿನ್ಯಾಗ ನಿಂತಾಗ, ಉಣ್ಣಾಕ ಕುಂತಾಗ. ದನಿ ಐತ್ರಿ, ಅಕ್ಷರ ಇಲ್ಲ.”

ಸೇವಂತಾ ಮೇವಿನ ಹೊರೆ ಹೊತ್ತು ಬಂದಳು. ಬೇಲಿಯ ಹತ್ತಿರ ನಿಲ್ಲುವವಳು ಅಂದು ಒಳಗೆ ಬಂದು, ಹೊರೆ ಇಳಿಸದೆಯೇ ಅವರ ಎದುರು ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಅವಳ ದನಿ ಏರಲಿಲ್ಲ.

“ತಿರುಗೂದು ಆಕಿಗಿ ಬರತಿತ್ರಿ,” ಎಂದಳು. “ನೀವ ಬಿಡಿಸಿದ್ರಿ.”

ಹೇಳಿ ಹೊರಟುಹೋದಳು. ಕಾಂಬಳೆ ಎಳೆಯುತ್ತಿದ್ದ ಗೆರೆಯನ್ನು ಅಲ್ಲಿಗೇ ಬಿಟ್ಟು ಪುಡಿಯ ಡಬ್ಬಿ ಮುಚ್ಚಿದರು. ಆ ವರ್ಷದ ಮಟ್ಟಿಗೆ ಅದೇ ಕೊನೆಯ ಗೆರೆ. ನಾಲ್ಕು ದಿನದಲ್ಲಿ ಗಾಣ ನಿಂತಿತು, ಎತ್ತುಗಳು ಹೋದವು, ಮಸಿ ಬೀಳುವುದೂ ನಿಂತಿತು. ಮೇ ತಿಂಗಳಲ್ಲಿ ನನಗೆ ಬೆಳಗಾವಿಗೆ ವರ್ಗವಾಯಿತು.

2019ರ ಆ ಸಂಜೆ ಟಂಟಂ ಇಳಿದು ಅಡ್ಡೆಯ ಹಿಂದೆ ಹೋದಾಗ ಕೂಗಾಟ ಕೇಳಿಸಿತು. ಮೈದಾನದಲ್ಲಿ ಹುಡುಗಿಯರಿದ್ದರು. ಕಾಂಬಳೆಯವರ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ, ಕೈ ಹಿಡಿದು ಬಲಗಡೆಗೆ ನಿಲ್ಲಿಸಿಕೊಂಡರು.

“ಮತ್ತ ಶುರು ಮಾಡೀರಿ,” ಎಂದೆ.

“ನಾ ಮಾಡಿಲ್ರಿ. ಸೇವಂತಾಬಾಯಿ ಮಾಡ್ಯಾಳ.”

ಎರಡು ವರ್ಷದ ಹಿಂದೆ ಅವಳು ತನ್ನ ಸಣ್ಣ ಮಗಳು ಪೂಜಾಳನ್ನು ಕೈ ಹಿಡಿದು ಕರೆತಂದು, ಇವರ ಗೇಟಿನ ಮುಂದೆ ನಿಲ್ಲಿಸಿದಳಂತೆ. ಓಡುವ ಹುಚ್ಚು ಇವಳಿಗೂ ಇದೆ, ತಡೆದರೆ ನಿಲ್ಲುವವಳಲ್ಲ ಎಂದಳಂತೆ. ಆಮೇಲೆ ಒಂದೇ ಮಾತು: “ಇಕಿಗಿ ತಿರುಗೂದೂ ಕಲಸ್ರಿ.” ಅವಳೇ ಕಳಿಸಿದಳೆಂದ ಮೇಲೆ ಉಳಿದ ಮನೆಗಳೂ ಒಂದೊಂದಾಗಿ ಬಾಗಿಲು ತೆರೆದವು.

ನಾನು ನೋಡುತ್ತಿದ್ದಂತೆ ಉದ್ದ ಕಾಲಿನ ಹುಡುಗಿಯೊಬ್ಬಳು ಎಡ ಅಂಚಿನಲ್ಲಿ ಓಡಿದಳು. ಯಾರು ಎಂದು ಕೇಳಬೇಕಾಗಲಿಲ್ಲ. ಗೆರೆ ದಾಟಿ, ಚೆಂಡು ನೆಲಕ್ಕೆ ಒತ್ತಿ ಬಿದ್ದಳು. ತಕ್ಷಣ ಎದ್ದು, ಚೆಂಡು ಅಲ್ಲೇ ಬಿಟ್ಟು, ಇಡೀ ಮೈದಾನ ಮರಳಿ ಓಡಿ ಬಂದು ಕಾಂಬಳೆಯವರ ಚಾಚಿದ ಬಲಗೈಗೆ ತನ್ನ ಕೈ ಬಡಿದಳು.

“ಬಂದ್ನಿರಿ ಸರ್ರ.”

“ಬಾ,” ಎಂದರು ಅವರು.

ಪ್ರತಿಯೊಬ್ಬಳೂ ಹಾಗೆಯೇ. ಬೇರೆ ಊರಿನ ತಂಡದವರು ಇದನ್ನು ಕಂಡು ನಗುತ್ತಾರಂತೆ, ಸುಮ್ಮನೆ ದಣಿವು ಎನ್ನುತ್ತಾರಂತೆ. ಯಾವ ರಗ್ಬಿಯಲ್ಲೂ ಇಂಥ ನಿಯಮವಿಲ್ಲ. ಆಟ ಮುಗಿದು ಹುಡುಗಿಯರು ಒಬ್ಬೊಬ್ಬರಾಗಿ ಹೊರಟಾಗ, ಅವರ ಬಲಗಿವಿಯ ಕಡೆ ಬಂದು, ಬಿಡಿಸಿ ಬಿಡಿಸಿ, ಬರ್ತೇನ್ರಿ ಎಂದು ಹೇಳಿ ಹೋದರು. ಪೂಜಾ ಬೇಲಿಯ ಹತ್ತಿರ ಕಾಯುತ್ತಿದ್ದ ಅವ್ವನ ತಲೆಯಿಂದ ಅರ್ಧ ಹೊರೆ ಇಳಿಸಿಕೊಂಡಳು. ಮೈದಾನ ಖಾಲಿಯಾದ ಮೇಲೂ ಕಾಂಬಳೆಯವರ ಅಂಗೈ ತುಸು ಮುಂದಕ್ಕೆ ಚಾಚಿಯೇ ಇತ್ತು. ಅದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ವಂದನಾಳ ಬಗ್ಗೆ ಏನಾದರೂ ತಿಳಿಯಿತೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು.

ರಂಗೋಲಿಯ ಗೆರೆ ಮಸಿಯಲ್ಲಿ ಮುಚ್ಚಿಹೋಗುತ್ತಿತ್ತು. ಕಾಗವಾಡದಿಂದ ಕೊನೆಯ ಬಸ್ಸು ಹಿಡಿಯಬೇಕಿತ್ತು. ನಾನು ಅವರ ಬಲಕ್ಕೇ ನಿಂತಿದ್ದೆ.

“ಬರ್ತೇನ್ರಿ,” ಎಂದೆ.

ಅಡ್ಡೆಯಲ್ಲಿ ಒಂದು ಟ್ರ್ಯಾಕ್ಟರು ಶುರುವಾಯಿತು. ಅವರು ನನ್ನ ತೋಳು ಹಿಡಿದು, ಮುಖವನ್ನು ಹತ್ತಿರ ತಂದರು.

“ಏನ್ ಅಂದ್ರಿ?”

“ಬರ್ತೇನ್ರಿ ಅಂದೆ.”

ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. “ಇನ್ನೊಮ್ಮೆ ಅನ್ರಿ,” ಎಂದರು.